ಮಾಡ್ಯುಲರ್ ಮರದ ಮನೆ: ಕಡಿಮೆ ಖರ್ಚಿನಲ್ಲಿ ಕಟ್ಟುವುದು, ಬೇಕಾದಾಗ ಬದಲಿಸುವುದು ಹೇಗೆ?

ಮನೆಯ ನಕ್ಷೆಗೆ ಕೂತವರು ಸಾಮಾನ್ಯವಾಗಿ ಕೋಣೆಗಳಿಂದ ಶುರು ಮಾಡುತ್ತಾರೆ. ಎರಡು ಮಲಗುವ ಕೋಣೆ, ಒಂದು ಹಾಲ್, ಅಡುಗೆಮನೆ ಎಂದು ಪಟ್ಟಿ ಬರೆದು, ಚೌಕಗಳನ್ನು ಎಳೆದು, ಆಮೇಲೆ ಯಾವುದರಲ್ಲಿ ಕಟ್ಟುವುದು ಎಂದು ಯೋಚಿಸುತ್ತಾರೆ. ಇಟ್ಟಿಗೆಯ ಮನೆಗೆ ಇದು ನಡೆಯುತ್ತದೆ. ಇಟ್ಟಿಗೆ ಚಿಕ್ಕದು, ಯಾವ ಅಳತೆಗೂ ಒಗ್ಗುತ್ತದೆ. ಮೊದಲೇ ತಯಾರಿಸಿದ ಭಾಗಗಳನ್ನು ತಂದು ಜೋಡಿಸುವ ಮರದ ಮಾಡ್ಯುಲರ್ ಮನೆಗೆ ನಡೆಯುವುದಿಲ್ಲ. ಇಲ್ಲಿ ಹಲಗೆಯ ಅಳತೆ ಮೊದಲು, ನೀರಿನ ಪೈಪು ಆಮೇಲೆ, ಭಾರ ನೆಲಕ್ಕಿಳಿಯುವ ದಾರಿ ಅದರ ಹಿಂದೆ, ಕೋಣೆ ಕೊನೆಗೆ. ಖರ್ಚು ಉಳಿಯುವುದೂ, ಮುಂದೆ ಮನೆ ಬದಲಾಗಲು ಒಪ್ಪುವುದೂ ಈ ಕ್ರಮದ ಮೇಲೆ ನಿಂತಿವೆ.

ಇಲ್ಲಿ ಹೇಳುತ್ತಿರುವುದು ಒಂದು ಅಥವಾ ಎರಡು ಅಂತಸ್ತಿನ ಮನೆಗಳ ಬಗ್ಗೆ. ಕೊಟ್ಟಿರುವ ಅಳತೆಗಳು ವಿನ್ಯಾಸ ಶುರು ಮಾಡಲು ಸಾಕು. ಅಂತಿಮ ನಕ್ಷೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಲೇಬೇಕು.

ಹಂತ 1: ಏನು ಬದಲಾಗಬಹುದು ಎಂದು ಬರೆದುಕೊಳ್ಳಿ

‘ಎಲ್ಲದಕ್ಕೂ ಹೊಂದುವ ಮನೆ’ ಎಂಬುದು ದುಬಾರಿ ಕನಸು. ಸರಿಸುವ ಗೋಡೆ, ಮಡಚುವ ಗೋಡೆ ಎಂದೆಲ್ಲ ಹಾಕಿಸಿಕೊಂಡವರು ಮೊದಲ ತಿಂಗಳು ಸರಿಸುತ್ತಾರೆ. ಆಮೇಲೆ ಅದರ ಮುಂದೆ ಬೀರು ಬಂದು ನಿಲ್ಲುತ್ತದೆ. ನಿಜವಾದ ಬದಲಾವಣೆಗಳು ಹತ್ತಿಪ್ಪತ್ತು ವರ್ಷದಲ್ಲಿ ಎರಡೋ ಮೂರೋ ಸಲ ಬರುತ್ತವೆ. ಮಕ್ಕಳಿಗೆ ಕೋಣೆ ಬೇಕಾಗುತ್ತದೆ, ವಯಸ್ಸಾದವರಿಗೆ ನೆಲಮಟ್ಟದಲ್ಲೇ ಮಲಗುವ ಕೋಣೆ ಮತ್ತು ಬಚ್ಚಲು ಬೇಕಾಗುತ್ತದೆ, ಒಂದು ಭಾಗವನ್ನು ಬಾಡಿಗೆಗೆ ಕೊಡಬೇಕಾಗುತ್ತದೆ. ಇವುಗಳಲ್ಲಿ ಯಾವ ಎರಡು ಅಥವಾ ಮೂರಕ್ಕೆ ಈಗಲೇ ಸಿದ್ಧತೆ ಮಾಡುತ್ತೀರಿ ಎಂಬುದನ್ನು ಆರಿಸಿಕೊಳ್ಳಿ, ಉಳಿದವನ್ನು ಬಿಡಿ.

ಡಚ್ ವಾಸ್ತುಶಿಲ್ಪಿ ಜಾನ್ ಹಬ್ರಾಕೆನ್ 1961ರಲ್ಲೇ ಇದಕ್ಕೊಂದು ದಾರಿ ತೋರಿಸಿದ್ದರು: ಬಹುಕಾಲ ನಿಲ್ಲುವ ಆಧಾರವೇ ಬೇರೆ, ಮನೆಯವರು ಬದಲಿಸಿಕೊಳ್ಳುವ ಒಳಭಾಗವೇ ಬೇರೆ, ಎರಡನ್ನೂ ಒಂದಕ್ಕೊಂದು ಬೆಸೆಯಬೇಡಿ. ಇದನ್ನು ಬಡವರ ಮನೆಗೆ ತಂದ ಒಳ್ಳೆಯ ಉದಾಹರಣೆ ಚಿಲಿಯ ಕಾನ್‌ಸ್ಟಿಟೂಸಿಯೋನ್ ಊರಿನ ವಿಲ್ಲಾ ವೆರ್ಡೆ ಬಡಾವಣೆ. 2010ರ ಭೂಕಂಪ ಮತ್ತು ಸುನಾಮಿಯ ನಂತರ ಚಿಲಿಯ ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನಾ ಅವರ ಎಲೆಮೆಂಟಲ್ ತಂಡ ಅಲ್ಲಿ 484 ಮರದ ಚೌಕಟ್ಟಿನ ಮನೆಗಳನ್ನು ರೂಪಿಸಿತು. ಕೊಟ್ಟಾಗ ಒಂದೊಂದು ಮನೆ 57 ಚದರ ಮೀಟರ್. ಪಕ್ಕದ ಖಾಲಿ ಜಾಗ ತುಂಬಿಕೊಂಡರೆ 85. ಛಾವಣಿ, ಪಕ್ಕದ ಮನೆಯೊಂದಿಗಿನ ಗೋಡೆ, ಮೆಟ್ಟಿಲು, ಬಚ್ಚಲು ಎಲ್ಲ ಮೊದಲೇ ಆಗಿತ್ತು. ಮನೆಯವರು ಸೇರಿಸಬೇಕಾದದ್ದು ಆಗಲೇ ಇದ್ದ ಸೂರಿನ ಕೆಳಗೆ ಒಂದು ನೆಲ ಮತ್ತು ಒಂದು ಗೋಡೆ. ನೆನಪಿಡಬೇಕಾದ ಸೂತ್ರ ಇಷ್ಟೇ: ಆಮೇಲೆ ಮಾಡಲು ಕಷ್ಟವಾಗುವುದನ್ನು ಮೊದಲು ಮಾಡಿ, ಸುಲಭವಾದದ್ದನ್ನು ಮುಂದಕ್ಕೆ ಬಿಡಿ. ಹಣ ಕಡಿಮೆಯಿರುವಾಗ ಜನ ಸಾಮಾನ್ಯವಾಗಿ ಮಾಡುವುದು ಇದರ ಉಲ್ಟಾ: ಒಳಗಿನ ಅಲಂಕಾರ ಮುಗಿದಿರುತ್ತದೆ, ಛಾವಣಿ ಮಾತ್ರ ಮುಂದೆ ಒಡೆಯಬೇಕಾದಂಥದ್ದು.

ಹಂತ 2: ಹಲಗೆಯಿಂದ ಗ್ರಿಡ್ (ಅಳತೆಯ ಚೌಕಳಿ) ತೆಗೆಯಿರಿ

ವಾಲ್ಟರ್ ಸೀಗಲ್ ಎಂಬ ವಾಸ್ತುಶಿಲ್ಪಿ 1960ರ ದಶಕದಲ್ಲಿ ಲಂಡನ್ನಿನ ತಮ್ಮ ಹಿತ್ತಲಲ್ಲಿ ಒಂದು ತಾತ್ಕಾಲಿಕ ಮನೆ ಕಟ್ಟಿಕೊಂಡರು. ಅಂಗಡಿಯಲ್ಲಿ ಸಿಗುವ ಹಲಗೆಗಳನ್ನು ಸಿಕ್ಕ ಅಳತೆಯಲ್ಲೇ, ಕತ್ತರಿಸದೆ ಬಳಸುವುದು, ಗಾರೆ-ನೀರು ಇಲ್ಲದೆ ಒಣ ಜೋಡಣೆ ಮಾಡುವುದು ಅವರ ಪದ್ಧತಿ. ಮುಂದೆ ಲಂಡನ್ನಿನ ಲೂಯಿಶಮ್‌ನಲ್ಲಿ, ಕಟ್ಟಡ ಕೆಲಸ ಗೊತ್ತಿಲ್ಲದ ಸಾಮಾನ್ಯ ಜನರೇ ಇದೇ ಪದ್ಧತಿಯಲ್ಲಿ ತಮ್ಮ ಮನೆಗಳನ್ನು ಕಟ್ಟಿಕೊಂಡರು. ಆ ಮನೆಗಳಲ್ಲಿ ಈಗಲೂ ಜನ ವಾಸವಿದ್ದಾರೆ, ಬೇಕಾದಂತೆ ಬೆಳೆಸಿಕೊಂಡೂ ಇದ್ದಾರೆ.

ಹಾಗಾಗಿ ಮೊದಲ ಕೆಲಸ ಅಂಗಡಿಗೆ ಹೋಗಿ ಹಲಗೆ ಅಳೆಯುವುದು. ಪ್ಲೈವುಡ್ ಮತ್ತು ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿಸಿ ಒತ್ತಿದ ಹಲಗೆ) ಸಾಮಾನ್ಯವಾಗಿ 1220 × 2440 ಮಿ.ಮೀ. ಬರುತ್ತವೆ (ಬಡಗಿಗಳ ಬಾಯಲ್ಲಿ ಎಂಟು-ನಾಲ್ಕು). ಜಿಪ್ಸಮ್ ಬೋರ್ಡ್ ಎಷ್ಟೋ ಕಡೆ 1200 ಮಿ.ಮೀ. ಅಗಲ. ಬರೀ 20 ಮಿ.ಮೀ. ವ್ಯತ್ಯಾಸ ತಾನೇ ಎನ್ನಬೇಡಿ. ಗೋಡೆಯೊಳಗಿನ ಕಂಬ 45 ಮಿ.ಮೀ. ಅಗಲ, ಹಲಗೆಯ ಅಂಚು ಅದರ ನಡುಮಧ್ಯಕ್ಕೆ ಬರಬೇಕು. ಹೊರಗೆ 1220, ಒಳಗೆ 1200 ಹಾಕುತ್ತಾ ಹೋದರೆ ಮೊದಲ ಸೇರಿಕೆಯಲ್ಲೇ ಅಂಚು 20 ಮಿ.ಮೀ. ಸರಿದು ಕಂಬದ ತುದಿಗೆ ಬಂದಿರುತ್ತದೆ. ಎರಡನೆಯದರಲ್ಲಿ ಕಂಬವೇ ಸಿಗುವುದಿಲ್ಲ, ಸ್ಕ್ರೂ ಗಾಳಿಗೆ ಹೋಗುತ್ತದೆ. ಆರು ಹಲಗೆ ಮುಗಿಯುವಷ್ಟರಲ್ಲಿ 120 ಮಿ.ಮೀ. ಅಂತರ. ಆಗ ಪ್ರತಿ ಸೇರಿಕೆಗೂ ಒಂದು ಹೆಚ್ಚುವರಿ ಕಂಬ ಅಥವಾ ಪ್ರತಿ ಹಲಗೆಗೂ ಒಂದು ಕತ್ತರಿ. ಇಂಥ ಕಡೆಗಳಲ್ಲೇ ಉಳಿತಾಯ ಸೋರಿಹೋಗುತ್ತದೆ.

1200 ಅಥವಾ 1220, ಒಂದನ್ನು ಆರಿಸಿ ಅದಕ್ಕೇ ಕಟ್ಟುಬೀಳಿ. 1200ರ ಗ್ರಿಡ್ ಎಂದಾದರೆ ಕಂಬಗಳ ನಡುವೆ 600 ಅಥವಾ 400 ಮಿ.ಮೀ. ಅಂತರ, ಕಿಟಕಿ-ಬಾಗಿಲೂ ಅದೇ ಲೆಕ್ಕದಲ್ಲಿ. ಪ್ಲೈವುಡ್, ಓಎಸ್‌ಬಿ ಹಲಗೆಗಳ ನಡುವೆ 3 ಮಿ.ಮೀ. ಸಂದು ಬಿಡಿ, ತೇವ ಹಿಡಿದಾಗ ಅವು ಹಿಗ್ಗುತ್ತವೆ. ಇಡೀ ಮನೆಗೆ ಪ್ಯಾನೆಲ್ (ಕಂಬ, ಹಲಗೆ ಸೇರಿಸಿ ಮೊದಲೇ ಮಾಡಿಟ್ಟ ಗೋಡೆಯ ತುಂಡು) ಬಗೆಗಳು ಐದಾರರ ಒಳಗಿರಲಿ: ಮುಚ್ಚಿದ್ದು, ಕಿಟಕಿಯದು, ಬಾಗಿಲಿನದು, ಮೂಲೆಯದು, ಮುಂದೆ ತೆರೆಯಬಹುದಾದದ್ದು. ಹೊಸ ಬಗೆ ಒಂದು ಸೇರಿದಾಗೆಲ್ಲ ಹೊಸ ನಕ್ಷೆ, ಹೊಸ ಅಚ್ಚು, ತಪ್ಪಿಗೆ ಹೊಸ ಅವಕಾಶ.

ಹಂತ 3: ಪ್ಯಾನೆಲ್ಲೋ, ಪೆಟ್ಟಿಗೆಯೋ?

ಮಾಡ್ಯುಲರ್ ಎಂದರೆ ಕಾರ್ಖಾನೆಯಲ್ಲಿ ತಯಾರಾಗಿ ಲಾರಿ ಮೇಲೆ ಬರುವ ಇಡೀ ಕೋಣೆ ಎಂದೇ ಹಲವರ ಎಣಿಕೆ. ಫಿನ್ಲೆಂಡಿನ ಯುವಾಸ್ಕುಲಾದಲ್ಲಿ 2015ರಲ್ಲಿ ಮುಗಿದ ಎಂಟು ಅಂತಸ್ತಿನ ಪುವುಕುವೊಕ್ಕಾ ಹಾಗೆ ಕಟ್ಟಿದ್ದು. ಅಡ್ಡಡ್ಡ ಪದರ ಅಂಟಿಸಿದ ದಪ್ಪ ಮರದ ಹಲಗೆಯ, ಅಂದರೆ ಸಿಎಲ್‌ಟಿಯ, ಎರಡು ಪೆಟ್ಟಿಗೆ ಸೇರಿದರೆ ಒಂದು ಫ್ಲ್ಯಾಟ್. ಒಂದರಲ್ಲಿ ವಾಸದ ಜಾಗ ಮತ್ತು ಮಲಗುವ ಕೋಣೆ, ಇನ್ನೊಂದರಲ್ಲಿ ಅಡುಗೆಮನೆ ಮತ್ತು ಬಚ್ಚಲು. ಒಂದೇ ಬಗೆಯ ಫ್ಲ್ಯಾಟ್ ಹತ್ತಾರು ಸಲ ಬೇಕಾದಾಗ ಈ ದಾರಿ ಸರಿ.

ಒಂದೆರಡು ಮನೆಗೆ ಪೆಟ್ಟಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಲಾರಿ ಹೊರುವುದು ಬಹುಪಾಲು ಗಾಳಿಯನ್ನು. ಸುಮಾರು 2.5 ಮೀಟರ್ ಅಗಲ ದಾಟಿದರೆ ಹಲವು ದೇಶಗಳಲ್ಲಿ ವಿಶೇಷ ಅನುಮತಿ ಬೇಕು, ಇಳಿಸಲು ಕ್ರೇನ್ ಬೇಕು, ಕ್ರೇನ್ ಬರಲು ದಾರಿ ಬೇಕು. ಕಾರ್ಖಾನೆ ಲಾಭ ತರಬೇಕಾದರೆ ಎಡೆಬಿಡದೆ ಕೆಲಸವಿರಬೇಕು. ದೊಡ್ಡ ಬಂಡವಾಳದೊಂದಿಗೆ 2015ರಲ್ಲಿ ಶುರುವಾದ ಅಮೆರಿಕದ ಕಟೆರಾ ಕಂಪನಿ 2021ರಲ್ಲಿ ದಿವಾಳಿ ಅರ್ಜಿ ಹಾಕಿತು. ಕಾರಣ ಹಲವಿದ್ದರೂ, ಕಾರ್ಖಾನೆ ಇದ್ದ ಮಾತ್ರಕ್ಕೆ ಮನೆ ಅಗ್ಗವಾಗುವುದಿಲ್ಲ ಎಂಬುದಂತೂ ಅದರಿಂದ ಸ್ಪಷ್ಟವಾಯಿತು.

ಪ್ಯಾನೆಲ್ ತೂಕದ ಲೆಕ್ಕ ನೋಡಿ. 1.2 ಮೀಟರ್ ಅಗಲ, 2.4 ಮೀಟರ್ ಎತ್ತರದ ಗೋಡೆ ಪ್ಯಾನೆಲ್. ಒಳಗೆ 45 × 145 ಮಿ.ಮೀ.ನ ಮೂರು ಕಂಬ, ಮೇಲೊಂದು ಕೆಳಗೊಂದು ಅಡ್ಡಪಟ್ಟಿ: ಒಟ್ಟು 9.6 ಮೀಟರ್ ಮರ, ಸುಮಾರು 30 ಕೆ.ಜಿ. ಹೊರಗೆ 12 ಮಿ.ಮೀ. ಓಎಸ್‌ಬಿ, 22 ಕೆ.ಜಿ. ಆಸುಪಾಸು. ಒಟ್ಟು ಐವತ್ತು ಚಿಲ್ಲರೆ ಕೆ.ಜಿ.; ಇಬ್ಬರು ಎತ್ತಿ ನಿಲ್ಲಿಸಬಹುದು. ಅಗಲ ದುಪ್ಪಟ್ಟು ಮಾಡಿದರೆ ಸುಮಾರು 100 ಕೆ.ಜಿ., ನಾಲ್ಕು ಜನ ಬೇಕು. ಕ್ರೇನ್ ಖರ್ಚು ಉಳಿಯುವುದು ಇಲ್ಲಿ. ಸಪಾಟಾದ ನೆಲ, ಒಂದು ಮರದ ಅಚ್ಚು, ಒಂದು ಒಳ್ಳೆಯ ಗರಗಸ ಇದ್ದರೆ ಸಾಧಾರಣ ಷೆಡ್ಡೇ ಕಾರ್ಖಾನೆ.

ನಾನು ಒಪ್ಪುವುದು ಮಿಶ್ರ ದಾರಿಯನ್ನು: ಬಚ್ಚಲು ಮತ್ತು ಅಡುಗೆಮನೆಯ ಪೈಪು ಗೋಡೆ ಸೇರಿ ಒಂದು ಚಿಕ್ಕ ಪೆಟ್ಟಿಗೆ, ಉದಾಹರಣೆಗೆ 2.4 × 3.6 ಮೀಟರ್, ಉಳಿದದ್ದೆಲ್ಲ ಪ್ಯಾನೆಲ್. ಪ್ಲಂಬಿಂಗ್, ಟೈಲ್ಸ್, ನೀರು ನಿರೋಧ ಮುಂತಾದ ಜಗಳದ ಕೆಲಸವೆಲ್ಲ ಷೆಡ್ಡಿನ ನೆರಳಲ್ಲಿ, ಸೋರಿಕೆ ಪರೀಕ್ಷೆಯೂ ಸೇರಿ, ಅಲ್ಲೇ ಮುಗಿಯುತ್ತದೆ. ಕ್ರೇನ್ ಬೇಕಾದರೂ ಅದೊಂದೇ ಸಲ.

ಹಂತ 4: ನೀರಿನ ದಾರಿ

ಮನೆಯನ್ನು ಮುಂದೆ ಬದಲಿಸಲು ಹೋದಾಗ ಅಡ್ಡ ನಿಲ್ಲುವುದು ಗೋಡೆಯಲ್ಲ, ಕೊಳಚೆ ಪೈಪು. ಗೋಡೆಯನ್ನು ಒಂದು ದಿನದಲ್ಲಿ ತೆಗೆಯಬಹುದು. ಕಮೋಡನ್ನು ಎರಡು ಮೀಟರ್ ಸರಿಸುವುದು ಬೇರೆಯೇ ಕಥೆ.

110 ಮಿ.ಮೀ. ಪೈಪಿಗೆ 40ಕ್ಕೆ 1ರಂತೆ ಇಳಿಜಾರು ಕೊಟ್ಟರೆ 3.6 ಮೀಟರ್ ಓಟಕ್ಕೆ 90 ಮಿ.ಮೀ. ಇಳಿಯುತ್ತದೆ. ಪೈಪಿನ ದಪ್ಪ ಸೇರಿಸಿದರೆ 200 ಮಿ.ಮೀ. ನೆಲದ ಜಂತಿಯ ಆಳವೇ 220 ಮಿ.ಮೀ.! ಪೈಪು ಜಂತಿಗಳಿಗೆ ಅಡ್ಡವಾಗಿ ಹೋಗಬೇಕಾದರೆ ಅದೂ ಆಗದ ಮಾತು: ಜಂತಿಯಲ್ಲಿ ಕೊರೆಯುವ ತೂತು ಆಳದ ಕಾಲು ಭಾಗ ಮೀರಬಾರದು ಎಂಬುದು ಸಾಮಾನ್ಯ ನಿಯಮ, ಅಂದರೆ 55 ಮಿ.ಮೀ. ಆದ್ದರಿಂದ ಕಮೋಡ್ ಲಂಬ ಪೈಪಿಗೆ ಅಂಟಿಕೊಂಡೇ ಇರಲಿ, ಅಡ್ಡ ಓಟವೇನಿದ್ದರೂ ಜಂತಿಯ ಉದ್ದಕ್ಕೇ ಸಾಗಲಿ. ಎರಡನೇ ಬಚ್ಚಲು ಮುಂದೆ ಬೇಕಾಗಬಹುದು ಎಂದಿದ್ದರೆ ಅದರ ಜಾಗ ಮೊದಲನೆಯದರ ಬೆನ್ನಿಗೆ ಅಥವಾ ನೇರ ಮೇಲೆ. ಅಲ್ಲಿಗೊಂದು ಪೈಪು ಬಿಟ್ಟು ಮುಚ್ಚಳ ಹಾಕಿಡಿ. ಈಗ ಇದಕ್ಕೆ ತಗಲುವುದು ಒಂದು ತುಂಡು ಪೈಪು. ಆಮೇಲಾದರೆ ನೆಲ ಕಿತ್ತು ಹಾಕುವ ಕೆಲಸ.

ವಿದ್ಯುತ್ ತಂತಿ ಕಂಬಗಳ ಒಳಗೆ ಬೇಡ. ಒಳಗಿನ ಜಿಪ್ಸಮ್ ಬೋರ್ಡಿನ ಹಿಂದೆ ರೀಪರು ಹೊಡೆದು 40-45 ಮಿ.ಮೀ. ಖಾಲಿ ಜಾಗ ಬಿಟ್ಟರೆ ತಂತಿ, ಸಣ್ಣ ಪೈಪು ಎಲ್ಲ ಅದರಲ್ಲಿ ಹೋಗುತ್ತವೆ. ಸಾಕೆಟ್ ಬದಲಿಸಲು ಗೋಡೆಯ ಗಾಳಿ ತಡೆ ಪದರ ಹರಿಯಬೇಕಾಗುವುದಿಲ್ಲ.

ಹಂತ 5: ಭಾರ, ಗಾಳಿ, ಮುಂದಿನ ಬಾಗಿಲು

ಭಾರ ಹೊರುವುದು ಹೊರಗೋಡೆಗಳು ಮಾತ್ರ, ಒಳಗೋಡೆ ಬರೀ ತೆರೆ: ಇದನ್ನು ಸಾಧಿಸಿದರೆ ಅರ್ಧ ಕೆಲಸ ಮುಗಿದಂತೆ. ಗೋಡೆಯಿಂದ ಗೋಡೆಗೆ 3.6 ಮೀಟರ್ ಇಟ್ಟುಕೊಳ್ಳಿ. ಅಷ್ಟಕ್ಕೆ 200-220 ಮಿ.ಮೀ. ಆಳದ ಸಾಧಾರಣ ಕೊಯ್ದ ಜಂತಿ, 400 ಮಿ.ಮೀ.ಗೊಂದರಂತೆ, ಸಾಮಾನ್ಯವಾಗಿ ಸಾಲುತ್ತದೆ. 5 ಮೀಟರ್ ದಾಟಿದರೆ ಜಂತಿ ಮುರಿಯದಿದ್ದರೂ ನಡೆದಾಗ ನೆಲ ಅದುರುತ್ತದೆ. ಅದನ್ನು ತಡೆಯಲು ಮರದ ಆಳವೂ ಖರ್ಚೂ ಏರುತ್ತವೆ.

ಮರದ ಮನೆ ಹಗುರ. ಕಾಂಕ್ರೀಟು ಘನ ಮೀಟರಿಗೆ 2,400 ಕೆ.ಜಿ. ಆಸುಪಾಸು ತೂಗಿದರೆ ಪೈನ್‌ನಂಥ ಕಟ್ಟಡದ ಮೃದುಮರ 500ರ ಒಳಗೇ. ಭೂಕಂಪದಲ್ಲಿ ಇದು ವರ, ಬಿರುಗಾಳಿಯಲ್ಲಿ ಅಲ್ಲ. ಛಾವಣಿಯ ತೊಲೆಯಿಂದ ಗೋಡೆಯ ಮೇಲ್ಪಟ್ಟಿಗೆ, ಅಲ್ಲಿಂದ ಕಂಬಕ್ಕೆ, ಕಂಬದಿಂದ ತಳಪಾಯಕ್ಕೆ ಉಕ್ಕಿನ ಪಟ್ಟಿ ಎಲ್ಲೂ ತುಂಡಾಗದೆ ಸಾಗಬೇಕು. ಪಕ್ಕದಿಂದ ಬರುವ ಒತ್ತಡವನ್ನು ತಡೆಯುವುದು ಕಂಬಕ್ಕೆ ಮೊಳೆ ಹೊಡೆದ ಹಲಗೆ. ಅಂಚಿನಲ್ಲಿ 150 ಮಿ.ಮೀ.ಗೊಂದು, ನಡುವೆ 300 ಮಿ.ಮೀ.ಗೊಂದು ಮೊಳೆ ಎಂಬುದು ವಾಡಿಕೆಯ ಅಂತರ. ಗಾಳಿ ಜೋರಿರುವ ಕಡೆ ಇನ್ನೂ ಹತ್ತಿರ. ಗನ್ನಿನಿಂದ ಹೊಡೆಯುವಾಗ ಮೊಳೆಯ ತಲೆ ಹಲಗೆಯೊಳಗೆ ಮುಳುಗಿದರೆ ಅಲ್ಲಿ ಬಲ ಕಡಿಮೆಯಾಗುತ್ತದೆ, ಮೇಸ್ತ್ರಿಗೆ ಇದನ್ನು ಹೇಳಿಡಿ.

ಮುಂದೆ ಕೋಣೆ ಸೇರಿಸುವ ಕಡೆ ಗೋಡೆಯಲ್ಲಿ ಈಗಲೇ ಬಾಗಿಲಿನ ಅಗಲಕ್ಕೆ ಮೇಲುತೊಲೆ ಮತ್ತು ಅಕ್ಕಪಕ್ಕ ಜೋಡಿ ಕಂಬ ಹಾಕಿ, ಮೇಲೆ ಹಲಗೆ ಮುಚ್ಚಿಬಿಡಿ. ಬೇಕಾದ ದಿನ ಹಲಗೆ ಕತ್ತರಿಸಿದರೆ ಬಾಗಿಲು ಸಿದ್ಧ. ಷರತ್ತು ಒಂದೇ: ಆ ಪ್ಯಾನೆಲ್ಲನ್ನು ಗಾಳಿ ತಡೆಯುವ ಗೋಡೆಯ ಲೆಕ್ಕದಲ್ಲಿ ಸೇರಿಸಬಾರದು. ಈ ಮಾತನ್ನು ಎಂಜಿನಿಯರಿಗೆ ಮೊದಲ ದಿನವೇ ಹೇಳದಿದ್ದರೆ ಅವರು ಅದನ್ನೂ ಎಣಿಸಿರುತ್ತಾರೆ. ಆಮೇಲೆ ನೀವು ಕತ್ತರಿಸುವುದು ಬಾಗಿಲನ್ನಲ್ಲ, ಮನೆಯ ಬಲವನ್ನು.

ಹಂತ 6: ತೇವ ಮತ್ತು ಗೆದ್ದಲು

ಮರದ ಮನೆ ಹಾಳಾಗುವುದು ಹೆಚ್ಚಾಗಿ ನೀರಿನಿಂದ. ಮರದ ತೇವಾಂಶ ಶೇ 20ರ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ತೇವಾಂಶ ಅಳೆಯುವ ಸಣ್ಣ ಮೀಟರ್ ಕೊಳ್ಳಿ. ಗೋಡೆ ಮುಚ್ಚುವ ಮೊದಲು ಪ್ರತಿ ಪ್ಯಾನೆಲ್ಲಿನ ಕೆಳಪಟ್ಟಿಗೆ ಚುಚ್ಚಿ ನೋಡಿ. ಶೇ 18ಕ್ಕಿಂತ ಹೆಚ್ಚಿದ್ದರೆ ಕಾಯಿರಿ. ಕೆಲಸ ನಿಲ್ಲಿಸಿದ ಎರಡು ದಿನದ ಬೇಸರಕ್ಕಿಂತ ಒಳಗೆ ಸಿಕ್ಕಿಬಿದ್ದ ನೀರು ದುಬಾರಿ.

ಒಣಗುವ ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಮೃದುಮರದಲ್ಲಿ ತೇವಾಂಶ ಶೇ 1 ಇಳಿದರೆ ಅಗಲ ಸುಮಾರು ಶೇ 0.25 ಇಳಿಯುತ್ತದೆ. ಒಂದು ಅಂತಸ್ತಿನಲ್ಲಿ ಜಂತಿ ಮತ್ತು ಅಡ್ಡಪಟ್ಟಿಗಳೆಲ್ಲ ಸೇರಿ ಮಲಗಿದ ಮರ 300 ಮಿ.ಮೀ. ಎನ್ನಿ, ಶೇ 18ರಿಂದ 10ಕ್ಕೆ ಒಣಗಿದರೆ 6 ಮಿ.ಮೀ. ಕುಗ್ಗಿತು. ಮೇಲಂತಸ್ತಿಗೆ ಹೋಗುವ ಪೈಪನ್ನು ಬಿಗಿಯಾಗಿ ಕಟ್ಟಿದ್ದರೆ ಮನೆ ಕೆಳಗಿಳಿಯುತ್ತದೆ, ಪೈಪು ಇಳಿಯುವುದಿಲ್ಲ. ಸೇರಿಕೆ ಬಿಡುವುದು ಅಲ್ಲಿ. ಪೈಪಿಗೆ ಜಾರಲು ಜಾಗ ಕೊಡಿ.

ಹೊರಗಿನ ರಕ್ಷಣೆ ಸರಳ: ಸೂರು ಕನಿಷ್ಠ 600 ಮಿ.ಮೀ. ಚಾಚಲಿ, ಹೊರಹೊದಿಕೆಯ ಹಿಂದೆ ಗಾಳಿಯಾಡುವ ಸಂದಿರಲಿ, ಮರ ನೆಲದಿಂದ ಮೇಲಿರಲಿ. ನೆಲದ ಕೆಳಗೆ ಬಗ್ಗಿ ನೋಡುವಷ್ಟು, 450 ಮಿ.ಮೀ.ನಷ್ಟು, ಜಾಗವಿದ್ದರೆ ಗೆದ್ದಲು ಕಟ್ಟುವ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ. ತಳಪಾಯದ ಕಂಬದ ತಲೆಯ ಮೇಲೆ ಲೋಹದ ತಗಡು ಬಗ್ಗಿಸಿ ಇಡುವುದು ಗೆದ್ದಲನ್ನು ಕೊಲ್ಲಲಿಕ್ಕಲ್ಲ; ಅದು ತಗಡನ್ನು ಸುತ್ತಿ ಬಯಲಿಗೆ ಬರುವಂತೆ ಮಾಡಲು. ಕೆಳಗಿನ ಪಟ್ಟಿ, ಜಂತಿಗಳಿಗೆ ಒತ್ತಡದಲ್ಲಿ ಔಷಧ ತುಂಬಿದ ಮರ ಬಳಸಿ. ಚೇಗು (ಮರದ ನಡುವಿನ ಗಟ್ಟಿ ಭಾಗ) ತಡೆದುಕೊಳ್ಳುತ್ತದೆ ಎಂಬ ನಂಬಿಕೆ ಕೆಲವು ಜಾತಿಯ ಮರಗಳಿಗೆ ಮಾತ್ರ ಸರಿ.

ಆವಿ ತಡೆಯುವ ಪದರ ಎಲ್ಲಿರಬೇಕು ಎಂಬುದು ಹವೆಗೆ ಬಿಟ್ಟದ್ದು. ಚಳಿ ಪ್ರದೇಶದಲ್ಲಿ ಒಳಬದಿಗೆ. ಬಿಸಿ, ಸೆಕೆಯ ಪ್ರದೇಶದಲ್ಲಿ ಏಸಿ ಹಾಕುವುದಿದ್ದರೆ ಹೊರಬದಿಗೆ. ಒಂದು ಹವೆಗೆ ಬರೆದ ನಕ್ಷೆಯನ್ನು ಇನ್ನೊಂದು ಹವೆಗೆ ಹಾಗೇ ಎತ್ತಿಕೊಂಡರೆ ಗೋಡೆಯೊಳಗೆ ನೀರು ಕಟ್ಟುತ್ತದೆ.

ಹಂತ 7: ಬೆಂಕಿ, ಶಬ್ದ, ಸೆಕೆ

ದಪ್ಪ ಮೃದುಮರ ನಿಮಿಷಕ್ಕೆ ಸುಮಾರು 0.65 ಮಿ.ಮೀ.ನಂತೆ ಕರಿಯಾಗುತ್ತಾ ಹೋಗುತ್ತದೆ. 30 ನಿಮಿಷಕ್ಕೆ 20 ಮಿ.ಮೀ. ಆ ಕರಿಯೇ ಒಳಗಿನ ಮರವನ್ನು ಕಾಯುತ್ತದೆ. ಇದನ್ನು ಕೇಳಿ ‘ಮರಕ್ಕೆ ಬೆಂಕಿಯ ಭಯವಿಲ್ಲ’ ಎನ್ನುವವರಿದ್ದಾರೆ. ಆ ಮಾತು ದಪ್ಪ ತೊಲೆಗೆ ಮತ್ತು ಸಿಎಲ್‌ಟಿಗೆ ಸ್ವಲ್ಪ ಮಟ್ಟಿಗೆ ಮಾತ್ರ ಸರಿ. ಎರಡೂ ಬದಿಯಿಂದ ಉರಿದರೆ 45 ಮಿ.ಮೀ. ಕಂಬದಲ್ಲಿ ಅರ್ಧ ಗಂಟೆಗೆ ಉಳಿಯುವುದು 5 ಮಿ.ಮೀ. ಚೌಕಟ್ಟಿನ ಮನೆಯನ್ನು ಕಾಯುವುದು ಜಿಪ್ಸಮ್ ಬೋರ್ಡು. ಅದರ ಪದರ, ಸ್ಕ್ರೂ ಅಂತರ, ಸೇರಿಕೆಗಳಲ್ಲಿ ಜಿಪುಣತನ ಬೇಡ. ಪೆಟ್ಟಿಗೆ ಮತ್ತು ಪ್ಯಾನೆಲ್ ನಡುವಿನ ಮುಚ್ಚಿದ ಸಂದು ಬೆಂಕಿಗೆ ಕಳ್ಳದಾರಿ. ಪ್ರತಿ ಅಂತಸ್ತಿಗೂ, ಪ್ರತಿ ಮನೆಯ ಗಡಿಗೂ ಅಲ್ಲಿ ಕಲ್ಲುಣ್ಣೆಯಿಂದ (ರಾಕ್‌ವೂಲ್) ತಡೆ ಹಾಕಿ.

ಎರಡು ಮನೆಗಳ ನಡುವೆ ಒಂದಕ್ಕೊಂದು ತಾಗದ ಜೋಡಿ ಗೋಡೆ ಇದ್ದರೆ ಶಬ್ದದ ಕಾಟ ಬಹುಪಾಲು ಕಡಿಮೆ. ಮೇಲಿನ ನೆಲದ ಹೆಜ್ಜೆ ಸದ್ದಿಗೆ ಮಾತ್ರ ತೂಕವೇ ಮದ್ದು: ಮೆತ್ತನೆಯ ಪದರದ ಮೇಲೆ ಭಾರದ ಬೋರ್ಡು. ಹಗುರ ಮನೆ ಬೇಗ ಬಿಸಿಯಾಗುತ್ತದೆ, ಬೇಗ ತಣಿಯುತ್ತದೆ. ಬಿಸಿ ನಾಡಿನಲ್ಲಿ ಛಾವಣಿಯ ಕೆಳಗೆ ಗಾಳಿ ಹರಿಯುವ ಜಾಗ, ಕಿಟಕಿಗೆ ನೆರಳು, ಎದುರುಬದುರು ತೆರೆಯುವ ಕಿಟಕಿ ಇವು ಏಸಿಗಿಂತ ಮೊದಲು ಬರಬೇಕು.

ಹಂತ 8: ಬಿಚ್ಚಬಹುದಾದ ಜೋಡಣೆ

ಪ್ಯಾನೆಲ್ಲಿನ ಒಳಗೆ ಮೊಳೆ ಇರಲಿ, ಅದು ಅಗ್ಗ ಮತ್ತು ವೇಗ. ಪ್ಯಾನೆಲ್ಲಿಗೂ ಪ್ಯಾನೆಲ್ಲಿಗೂ ನಡುವೆ ಮಾತ್ರ ಬೋಲ್ಟ್ ಅಥವಾ ಉದ್ದ ಸ್ಕ್ರೂ. ಅಂಟು ಬೇಡವೇ ಬೇಡ. ಕೈ ಹೋಗುವ ಕಡೆ ಬೋಲ್ಟಿನ ತಲೆ ಇರಲಿ, ಅದರ ಮೇಲೆ ತೆಗೆಯಬಹುದಾದ ಪಟ್ಟಿ ಮುಚ್ಚಿ. ನೆಲಹಾಸನ್ನು ಮನೆಯಿಡೀ ಮೊದಲು ಹಾಸಿ ಆಮೇಲೆ ಒಳಗೋಡೆ ನಿಲ್ಲಿಸಿದರೆ, ಗೋಡೆ ತೆಗೆದ ದಿನ ನೆಲದಲ್ಲಿ ಗೀರು ಬಿಟ್ಟು ಬೇರೇನೂ ಉಳಿಯದು.

ಹಂತ 9: ಸೈಟಿನಲ್ಲಿ

ಪ್ಯಾನೆಲ್ 2-3 ಮಿ.ಮೀ. ನಿಖರತೆಯಲ್ಲಿ ಬರುತ್ತದೆ, ಕಾಂಕ್ರೀಟು ತಳಪಾಯ 10 ಮಿ.ಮೀ. ಆಚೀಚೆ ಇರುತ್ತದೆ. ಇವೆರಡರ ಜಗಳ ಬಿಡಿಸುವುದು ಕೆಳಪಟ್ಟಿ. ಅದನ್ನು ರಸಮಟ್ಟ ಹಿಡಿದು, ಕೆಳಗೆ ಪಟ್ಟಿ ತುಂಡು ಕೊಟ್ಟು ಸರಿಮಾಡಿ, ಸಂದಿಗೆ ಕುಗ್ಗದ ಗಾರೆ ತುಂಬಿ. ಆಮೇಲೆ ಕರ್ಣ ಅಳೆಯಿರಿ: 3.6 × 7.2 ಮೀಟರ್ ಆಯತಕ್ಕೆ ಎರಡೂ ಕರ್ಣ 8,050 ಮಿ.ಮೀ. ಬರಬೇಕು. 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಪ್ಯಾನೆಲ್ಲನ್ನೂ ಎತ್ತಬೇಡಿ; ಕೆಳಗಿನ ತಪ್ಪು ಛಾವಣಿಯಲ್ಲಿ ಬಾಯಿ ತೆರೆಯುತ್ತದೆ.

ಬಚ್ಚಲು-ಅಡುಗೆಮನೆಯ ಪೆಟ್ಟಿಗೆ ಮೊದಲು ಇಳಿಸಿ, ಅದನ್ನು ಆಧಾರ ಮಾಡಿಕೊಂಡು ಮೂಲೆಯಿಂದ ಗೋಡೆ ಎಬ್ಬಿಸಿ. ಪ್ರತಿ ಪ್ಯಾನೆಲ್ಲಿಗೂ ತಾತ್ಕಾಲಿಕ ಓರೆ ಆಸರೆ ಕೊಡಿ, ಛಾವಣಿ ಕೂರುವವರೆಗೆ ಅದನ್ನು ತೆಗೆಯಬೇಡಿ. ಛಾವಣಿ ಮುಚ್ಚುವ ತನಕ ಟಾರ್ಪಾಲು ಕೈಯಳತೆಯಲ್ಲಿರಲಿ. ಉಷ್ಣ ತಡೆಯುವ ಉಣ್ಣೆಯನ್ನು ಮಳೆ ನೀರು ಒಳಬರದಂತೆ ಮುಚ್ಚಿದ ಮೇಲೆ ತುಂಬಿ.

ಹಂತ 10: ಮನೆಯ ಜೊತೆ ಕೊಡಬೇಕಾದ ಕಡತ

ಇಷ್ಟೆಲ್ಲ ಸಿದ್ಧತೆ ಗೋಡೆಯೊಳಗೆ ಮುಚ್ಚಿಹೋದರೆ ಹದಿನೈದು ವರ್ಷದ ನಂತರ ಬರುವ ಬಡಗಿಗೆ ಅದು ಗೊತ್ತಾಗುವುದು ಹೇಗೆ? ಪ್ರತಿ ಪ್ಯಾನೆಲ್ಲಿಗೂ ಸಂಖ್ಯೆ ಬರೆದ ನಕ್ಷೆ, ಮುಂದೆ ತೆರೆಯಬಹುದಾದ ಗೋಡೆಗಳ ಗುರುತು, ಎಂದಿಗೂ ಕತ್ತರಿಸಬಾರದ ಗೋಡೆಗಳ ಗುರುತು, ಮುಚ್ಚಳ ಹಾಕಿದ ಪೈಪಿನ ಜಾಗ, ಬಳಸಿದ ಬೋಲ್ಟುಗಳ ಅಳತೆ, ಗೋಡೆ ಮುಚ್ಚುವ ಮುಂಚೆ ತೆಗೆದ ಫೋಟೋಗಳು. ಒಂದು ಪ್ರತಿ ಮನೆಯವರಿಗೆ ಕೊಡಿ, ಇನ್ನೊಂದನ್ನು ಮೀಟರ್ ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಸಿ. ಕತ್ತರಿಸಬಾರದ ಪ್ಯಾನೆಲ್ಲಿನ ಹಲಗೆಯ ಮೇಲೂ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಜಿಪ್ಸಮ್ ಕಿತ್ತವನ ಕಣ್ಣಿಗೆ ಮೊದಲು ಅದೇ ಬೀಳಲಿ.

ಮೊದಲ ವರ್ಷ ತುಂಬಿದಾಗ ಮರ ಒಣಗಿ ಬೋಲ್ಟುಗಳು ಸಡಿಲಾಗಿರುತ್ತವೆ. ಎಲ್ಲವನ್ನೂ ಒಂದು ಸುತ್ತು ಬಿಗಿ ಮಾಡಿ, ನೆಲದ ಕೆಳಗೆ ಟಾರ್ಚ್ ಹಿಡಿದು ಗೆದ್ದಲಿನ ದಾರಿ ಹುಡುಕಿ, ಬಚ್ಚಲ ಗೋಡೆಯ ಕೆಳಪಟ್ಟಿಗೆ ತೇವಾಂಶದ ಮೀಟರ್ ಚುಚ್ಚಿ. ಅಲ್ಲಿ ಶೇ 20 ದಾಟಿದ್ದರೆ ಸೋರಿಕೆ ಇದೆ ಎಂದೇ ತಿಳಿದು ಹುಡುಕಲು ಶುರು ಮಾಡಿ.